ನದಿಗಳ ನಾಡಿ ಹಿಡಿದ ಎಲೆನ್ ರಿಚರ್ಡ್ಸ್

ನಿಮ್ಮ ಮುಂದೆ ಎರಡು ಗಾಜಿನ ಲೋಟಗಳಿವೆ ಎಂದುಕೊಳ್ಳಿ. ಎರಡರಲ್ಲೂ ನೀರಿದೆ. ಎರಡೂ ತಿಳಿಯಾಗಿವೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಲೋಟದ ನೀರು ಕಾಡಿನ ಒರತೆಯಿಂದ ತಂದದ್ದು. ಇನ್ನೊಂದು ಲೋಟದ್ದು ಊರಿನ ಚರಂಡಿ ನೀರು ಸದ್ದಿಲ್ಲದೆ ಇಂಗಿ ಸೇರುವ ಬಾವಿಯಿಂದ ಸೇದಿದ್ದು. ಯಾವುದು ಯಾವ ನೀರೆಂದು ನೋಡಿಯೇ ಹೇಳಬಲ್ಲಿರಾ?

ಖಂಡಿತ ಆಗದು. ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಸುಮಾರು 150 ವರ್ಷಗಳ ಹಿಂದೆ ಊರಿಗೆ ಊರೇ ಹೀಗೆ ಮೋಸ ಹೋಗುತ್ತಿತ್ತು. ತಿಳಿಯಾಗಿ ಕಂಡ ನೀರನ್ನು ಕುಡಿದು ಜನ ವಿಷಮಶೀತ ಜ್ವರದಿಂದ ಸಾಯುತ್ತಿದ್ದರು. ಈ ಜ್ವರಕ್ಕೆ ಟೈಫಾಯಿಡ್ ಎಂಬ ಹೆಸರೂ ಇದೆ.

ಆ ಕಾಲದಲ್ಲಿ ಅಮೆರಿಕದ ಒಬ್ಬ ಮಹಿಳೆ ನದಿ, ಕೆರೆ, ಬಾವಿಗಳ ನೀರನ್ನು ಸೀಸೆಗಳಲ್ಲಿ ತರಿಸಿಕೊಂಡು ಒಂದೊಂದನ್ನೇ ಪರೀಕ್ಷಿಸಿದರು. ವೈದ್ಯರು ರೋಗಿಯ ನಾಡಿ ಹಿಡಿಯುವಂತೆ ಅವರು ಇಡೀ ಒಂದು ರಾಜ್ಯದ ನೀರಿನ ನಾಡಿ ಹಿಡಿದರು. ಅವರೇ ಎಲೆನ್ ಸ್ವಾಲೋ ರಿಚರ್ಡ್ಸ್. ನದಿಯ ಕಾಯಿಲೆ ವಾಸಿ ಮಾಡಬೇಕಾದರೆ ಮೊದಲು ಆರೋಗ್ಯವಂತ ನದಿ ಹೇಗಿರುತ್ತದೆಂದು ತಿಳಿದಿರಬೇಕು, ಅಲ್ಲವೇ? ಎಲೆನ್ ಅವರು ತಿಳಿಸಿಕೊಟ್ಟದ್ದು ಇದನ್ನೇ. ಬನ್ನಿ, ಅವರ ಬದುಕಿನ ಕಥೆ ಓದೋಣ.

ಅಂಗಡಿಯಲ್ಲಿ ಕೆಲಸ, ಮನೆಯಲ್ಲಿ ಪಾಠ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೆಸಾಚುಸೆಟ್ಸ್ ಎಂಬ ರಾಜ್ಯವಿದೆ. ಅಲ್ಲಿನ ಡನ್‌ಸ್ಟೇಬಲ್ ಎಂಬ ಹಳ್ಳಿಯಲ್ಲಿ 1842ರ ಡಿಸೆಂಬರ್ 3ರಂದು ಎಲೆನ್ ಹುಟ್ಟಿದಳು. ತಂದೆ ಪೀಟರ್ ಸ್ವಾಲೋ, ತಾಯಿ ಫ್ಯಾನಿ. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿದವರು. ಎಲೆನ್ ಅವರ ಒಬ್ಬಳೇ ಮಗಳು. ಹಳ್ಳಿಯ ಪಶ್ಚಿಮದ ಅಂಚಿನಲ್ಲಿ ನ್ಯಾಶುವಾ ಎಂಬ ನದಿ ಹರಿಯುತ್ತಿತ್ತು. ಈ ನದಿಯ ಹೆಸರನ್ನು ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಎಲೆನ್‌ಳ ಮೊದಲ ಶಾಲೆ ಅವಳ ಮನೆಯೇ. ಅಪ್ಪ ಅಮ್ಮನೇ ಗುರುಗಳು. ಮಗಳಿಗೆ ಒಳ್ಳೆಯ ಶಾಲೆ ಸಿಗಲಿ ಎಂದು 1859ರಲ್ಲಿ ಕುಟುಂಬ ವೆಸ್ಟ್‌ಫರ್ಡ್ ಎಂಬ ಊರಿಗೆ ಹೋಯಿತು. ಅಲ್ಲಿ ತಂದೆ ಅಂಗಡಿ ಇಟ್ಟರು. ಎಲೆನ್ ಶಾಲೆಗೂ ಹೋದಳು, ಅಂಗಡಿಯಲ್ಲಿ ಕೈಜೋಡಿಸಿದಳು. ತಾಯಿಗೆ ಆಗಾಗ ಕಾಯಿಲೆ. ಹಾಗಾಗಿ ಮನೆಗೆಲಸವೂ ಅವಳ ಪಾಲಿಗೇ ಬಂತು.

ಓದು ಮುಂದುವರಿಸಬೇಕೆಂಬ ಆಸೆ ಎಲೆನ್‌ಗೆ ಬೆಟ್ಟದಷ್ಟಿತ್ತು. ಆದರೆ ಹಣವಿರಲಿಲ್ಲ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ಕಾಲೇಜುಗಳೂ ಬೆರಳೆಣಿಕೆಯಷ್ಟೇ. ಅವಳು ಮಕ್ಕಳಿಗೆ ಪಾಠ ಹೇಳಿದಳು. ಬೇರೆಯವರ ಮನೆ ಗುಡಿಸಿದಳು, ಅಡುಗೆ ಮಾಡಿದಳು. ಹೀಗೆ ವರ್ಷಗಟ್ಟಲೆ ದುಡಿದು ಸುಮಾರು 300 ಡಾಲರ್ ಕೂಡಿಟ್ಟಳು.

1868ರಲ್ಲಿ ಎಲೆನ್ ವ್ಯಾಸರ್ ಕಾಲೇಜು ಸೇರಿದರು. ಅದು ಹೆಣ್ಣುಮಕ್ಕಳಿಗಾಗಿಯೇ ತೆರೆದ ಹೊಸ ಕಾಲೇಜು. ಆಗ ಅವರಿಗೆ 25 ವರ್ಷ. ಜೊತೆಯಲ್ಲಿ ಓದುವವರೆಲ್ಲ ಅವರಿಗಿಂತ ಚಿಕ್ಕವರು. ಎಲೆನ್ ಅದಕ್ಕೆ ಹಿಂಜರಿಯಲಿಲ್ಲ. ಅಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದು ಹೆಸರಾಗಿದ್ದ ಖಗೋಳ ವಿಜ್ಞಾನಿ ಮರಾಯಾ ಮಿಚೆಲ್ ಅವರಿಂದ ಪಾಠ ಕೇಳಿದರು. ಕೊನೆಗೆ ಅವರ ಮನಸ್ಸು ನಿಂತದ್ದು ರಸಾಯನ ವಿಜ್ಞಾನದಲ್ಲಿ. ವಿಜ್ಞಾನ ಜನರ ದಿನನಿತ್ಯದ ತೊಂದರೆಗಳಿಗೆ ಪರಿಹಾರ ಕೊಡಬೇಕು ಎಂದು ಅವರ ಪ್ರಾಧ್ಯಾಪಕರು ಹೇಳಿಕೊಡುತ್ತಿದ್ದರು. ಆ ಮಾತು ಎಲೆನ್ ಅವರ ಮನಸ್ಸಿಗೆ ನಾಟಿತು.

ಶುಲ್ಕವಿಲ್ಲದ ವಿದ್ಯಾರ್ಥಿನಿ

1870ರಲ್ಲಿ ಪದವಿ ಬಂತು. ಮುಂದೇನು? ಎಲೆನ್ ಒಂದು ರಾಸಾಯನಿಕ ಪರೀಕ್ಷಾ ಸಂಸ್ಥೆಗೆ ಪತ್ರ ಬರೆದು ಕೆಲಸ ಕಲಿಸಿಕೊಡಿ ಎಂದು ಕೇಳಿದರು. ಅವರು ಆಗದು ಎಂದರು. ಆದರೆ ಬಾಸ್ಟನ್ ನಗರದಲ್ಲಿ ಹೊಸದಾಗಿ ಆರಂಭವಾಗಿದ್ದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ ನೋಡಿ ಎಂದು ಸಲಹೆ ಕೊಟ್ಟರು. ಇಂದು ಜಗತ್ತಿಗೆಲ್ಲ ಎಂ.ಐ.ಟಿ. ಎಂದು ಗೊತ್ತಿರುವ ಸಂಸ್ಥೆ ಇದೇ. ಅಲ್ಲಿ ಅದುವರೆಗೆ ಒಬ್ಬ ಹೆಣ್ಣುಮಗಳೂ ಓದಿರಲಿಲ್ಲ.

ಸಂಸ್ಥೆಯವರು ಬಹಳ ಚರ್ಚೆ ಮಾಡಿದರು. ಕೊನೆಗೆ ಎಲೆನ್ ಅವರನ್ನು ವಿಶೇಷ ವಿದ್ಯಾರ್ಥಿನಿ ಎಂದು ಸೇರಿಸಿಕೊಂಡರು. ಇದನ್ನೇ ನೋಡಿ ಮುಂದೆ ಬೇರೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದೇನೂ ಇಲ್ಲ ಎಂದು ಬರೆದಿಟ್ಟುಕೊಂಡರು. ಎಲೆನ್ ಅವರಿಂದ ಶುಲ್ಕವನ್ನೂ ಪಡೆಯಲಿಲ್ಲ. ತಾನು ಬಡವಳೆಂದು ಕರುಣೆ ತೋರಿದ್ದಾರೆ ಎಂದುಕೊಂಡರು ಎಲೆನ್. ನಿಜ ಸಂಗತಿ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಯಾರಾದರೂ ಆಕ್ಷೇಪ ಎತ್ತಿದರೆ, ಶುಲ್ಕ ಕಟ್ಟದ ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ ಎಂದು ಸಂಸ್ಥೆಯ ಅಧ್ಯಕ್ಷರು ಹೇಳಬಹುದಿತ್ತು! ಲೆಕ್ಕಕ್ಕೆ ಸೇರಿಸದೆ ಇರಲೆಂದೇ ಶುಲ್ಕ ಬಿಟ್ಟಿದ್ದರು. ಇದು ಮೊದಲೇ ಗೊತ್ತಿದ್ದರೆ ಎಲೆನ್ ಅಲ್ಲಿಗೆ ಹೋಗುತ್ತಲೇ ಇರಲಿಲ್ಲವಂತೆ.

ಆದರೂ ಅವರು ಜಗಳಕ್ಕೆ ನಿಲ್ಲಲಿಲ್ಲ. ತಮ್ಮ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿದರು. ಆಗ ಪ್ರಾಧ್ಯಾಪಕ ವಿಲಿಯಂ ನಿಕೋಲ್ಸ್ ಅವರಿಗೆ ರಾಜ್ಯದ ಆರೋಗ್ಯ ಮಂಡಳಿಯಿಂದ ನೀರಿನ ಪರೀಕ್ಷೆಯ ಕೆಲಸ ಬಂದಿತ್ತು. ಹೆಣ್ಣುಮಕ್ಕಳು ಅಲ್ಲಿ ಓದುವುದು ನಿಕೋಲ್ಸ್ ಅವರಿಗೆ ಹಿಡಿಸಿರಲಿಲ್ಲ. ಆದರೆ ಆ ಕೆಲಸಕ್ಕೆ ಬೇಕಾಗಿದ್ದ ಚುರುಕು ಕಣ್ಣು, ನಡುಗದ ಕೈ ಎಲೆನ್ ಅವರಲ್ಲಿದ್ದವು. ನಿಕೋಲ್ಸ್ ಅವರನ್ನೇ ಸಹಾಯಕಿಯಾಗಿ ತೆಗೆದುಕೊಂಡರು. ಮುಂದೆ ವರದಿಯಲ್ಲಿ ಅವರ ಹೆಸರು ಹೇಳಿ, ಅವರ ಫಲಿತಾಂಶಗಳನ್ನು ನಂಬಬಹುದೆಂದು ಬರೆದರು.

1873ರಲ್ಲಿ ಎಲೆನ್ ಎಂ.ಐ.ಟಿ.ಯಿಂದ ಪದವಿ ಪಡೆದ ಮೊದಲ ಮಹಿಳೆಯಾದರು. ಡಾಕ್ಟರೇಟ್ ಪಡೆಯುವ ಆಸೆಯೂ ಇತ್ತು. ಅದು ಅಲ್ಲಿ ಕೈಗೂಡಲಿಲ್ಲ. 1875ರಲ್ಲಿ ಅದೇ ಸಂಸ್ಥೆಯ ಗಣಿ ವಿಜ್ಞಾನದ ಪ್ರಾಧ್ಯಾಪಕ ರಾಬರ್ಟ್ ರಿಚರ್ಡ್ಸ್ ಅವರನ್ನು ಮದುವೆಯಾದರು. ಮರುವರ್ಷ ಸಂಸ್ಥೆಯಲ್ಲೇ ಮಹಿಳೆಯರಿಗಾಗಿ ಒಂದು ಪ್ರಯೋಗಾಲಯ ಆರಂಭವಾಗುವಂತೆ ಮಾಡಿದರು. ಸಂಬಳವಿಲ್ಲದೆ ಏಳು ವರ್ಷ ಅಲ್ಲಿ ಪಾಠ ಹೇಳಿದರು, ತಮ್ಮ ಕೈಯಿಂದಲೂ ಹಣ ಹಾಕಿದರು. ಕೊನೆಗೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಪ್ರವೇಶ ಸಿಕ್ಕಿತು. ಬೇರೆ ಪ್ರಯೋಗಾಲಯದ ಅಗತ್ಯವೇ ಉಳಿಯಲಿಲ್ಲ. 1883ರಲ್ಲಿ ಅದನ್ನು ಮುಚ್ಚಿದಾಗ ಸೋತವರು ಯಾರು, ಗೆದ್ದವರು ಯಾರು? ನೀವೇ ಹೇಳಿ.

ಒಂದು ರಾಜ್ಯದ ನೀರೆಲ್ಲ ಸೀಸೆಯಲ್ಲಿ

1884ರಲ್ಲಿ ಎಲೆನ್ ಅವರಿಗೆ ಎಂ.ಐ.ಟಿ.ಯಲ್ಲಿ ನೈರ್ಮಲ್ಯ ರಸಾಯನ ವಿಜ್ಞಾನದ ಬೋಧಕಿಯ ಹುದ್ದೆ ಸಿಕ್ಕಿತು. ಆ ಹೊತ್ತಿಗೆ ಮೆಸಾಚುಸೆಟ್ಸ್‌ನ ನದಿಗಳ ದಂಡೆಯಲ್ಲಿ ಬಟ್ಟೆ ಗಿರಣಿಗಳು, ಕಾಗದದ ಕಾರ್ಖಾನೆಗಳು ಎದ್ದಿದ್ದವು. ಊರುಗಳು ನಗರಗಳಾಗಿದ್ದವು. ಎಲ್ಲರ ಕೊಳೆಯೂ ನದಿಗೇ. ಎಲ್ಲರಿಗೂ ಕುಡಿಯುವ ನೀರೂ ನದಿಯಿಂದಲೇ!

1886ರಲ್ಲಿ ರಾಜ್ಯ ಸರ್ಕಾರ ಎಚ್ಚೆತ್ತು ಕಾನೂನು ಮಾಡಿತು. ಅದರಂತೆ ಮರುವರ್ಷ ರಾಜ್ಯದ ನದಿ, ಕೆರೆ, ಬಾವಿಗಳ ದೊಡ್ಡ ಸಮೀಕ್ಷೆ ಶುರುವಾಯಿತು. ಇದರ ಮುಖ್ಯಸ್ಥರು ಪ್ರೊಫೆಸರ್ ಥಾಮಸ್ ಡ್ರೌನ್. ಪ್ರಯೋಗಾಲಯದ ಹೊಣೆ ಎಲೆನ್ ಅವರದು.

ಆ ಪ್ರಯೋಗಾಲಯವನ್ನು ಕಣ್ಣಮುಂದೆ ತಂದುಕೊಳ್ಳಿ. ರಾಜ್ಯದ ಮೂಲೆಮೂಲೆಯಿಂದ ನೀರು ತುಂಬಿದ ಸೀಸೆಗಳು ಬರುತ್ತಿದ್ದವು. ಪ್ರತಿ ಸೀಸೆಯ ಮೇಲೆ ಚೀಟಿ. ಬಂದ ನೀರನ್ನು ತಡಮಾಡದೆ ಪರೀಕ್ಷಿಸಬೇಕು, ಇಲ್ಲವಾದರೆ ಅದರ ಗುಣ ಬದಲಾಗುತ್ತದೆ. ನೀರಿನ ಬಣ್ಣವೆಷ್ಟು, ವಾಸನೆ ಎಂಥದ್ದು, ಕಾಯಿಸಿ ಆರಿಸಿದರೆ ಉಳಿಯುವುದೆಷ್ಟು, ಅದರಲ್ಲಿ ಅಮೋನಿಯ ಎಷ್ಟಿದೆ, ಉಪ್ಪೆಷ್ಟಿದೆ ಎಂದು ಅಳೆದು ದಾಖಲಿಸುತ್ತಿದ್ದರು. ಒಂದೇ ಸಲ ನೋಡಿದರೆ ಸಾಲದು. ಮಳೆಗಾಲದ ನದಿ ಬೇರೆ, ಬೇಸಿಗೆಯ ನದಿ ಬೇರೆ. ಅದಕ್ಕಾಗಿ ಅದೇ ಜಾಗದಿಂದ ಮತ್ತೆ ಮತ್ತೆ ನೀರು ತರಿಸಿದರು. ಹೀಗೆ ಕೆಲವು ವರ್ಷಗಳಲ್ಲಿ ಹತ್ತಾರು ಸಾವಿರ ಪರೀಕ್ಷೆಗಳಾದವು. ಇಷ್ಟು ದೊಡ್ಡ ನೀರಿನ ಸಮೀಕ್ಷೆಯನ್ನು ಅಮೆರಿಕ ಅದುವರೆಗೆ ಕಂಡಿರಲಿಲ್ಲ.

ಉಪ್ಪು ಹೇಳಿದ ಗುಟ್ಟು

ಈ ಸಮೀಕ್ಷೆಯಲ್ಲಿ ಒಂದು ಸೊಗಸಾದ ಉಪಾಯ ಅಡಗಿತ್ತು. ನಿಧಾನವಾಗಿ ಓದಿ.

ನಾವು ತಿನ್ನುವ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಧಾತುಗಳು ಕೂಡಿಕೊಂಡಿವೆ. ಉಪ್ಪು ನೀರಿನಲ್ಲಿ ಕರಗಿದಾಗ ಕ್ಲೋರಿನ್ ಕ್ಲೋರೈಡ್ ರೂಪದಲ್ಲಿ ಇರುತ್ತದೆ. ನಾವು ತಿಂದ ಉಪ್ಪು ಎಲ್ಲಿಗೆ ಹೋಗುತ್ತದೆ? ಮೂತ್ರ ಮತ್ತು ಬೆವರಿನ ಮೂಲಕ ಹೊರಬರುತ್ತದೆ. ಅಡುಗೆಮನೆ, ಬಚ್ಚಲುಗಳ ನೀರಿನ ಜೊತೆ ಚರಂಡಿ ಸೇರುತ್ತದೆ. ಚರಂಡಿಯ ಬೇರೆ ಕೊಳೆಯನ್ನು ಮಣ್ಣು ಸೋಸಬಹುದು, ಸೂಕ್ಷ್ಮಜೀವಿಗಳು ತಿಂದು ಮುಗಿಸಬಹುದು. ಕ್ಲೋರೈಡನ್ನು ಮಾತ್ರ ಮಣ್ಣು ಹಿಡಿದಿಡುವುದಿಲ್ಲ, ಸೂಕ್ಷ್ಮಜೀವಿಗಳೂ ತಿಂದು ಮುಗಿಸುವುದಿಲ್ಲ. ಅದು ನೀರಿನ ಜೊತೆಯಲ್ಲೇ ಸಾಗುತ್ತದೆ. ಕಳ್ಳನ ಹೆಜ್ಜೆಗುರುತಿನಂತೆ ಅದು ಚರಂಡಿಯ ಗುರುತು.

ಹಾಗಾದರೆ ಉಪ್ಪು ಇರುವ ನೀರೆಲ್ಲ ಕೆಟ್ಟದ್ದೇ? ಅಲ್ಲ. ಸಮುದ್ರದ ಮೇಲಿಂದ ಬೀಸುವ ಗಾಳಿ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಅವು ಮಳೆಯ ಜೊತೆ ನೆಲಕ್ಕೆ ಬೀಳುತ್ತವೆ. ಕರಾವಳಿಯ ಶುದ್ಧವಾದ ಕೊಳದಲ್ಲೂ ಒಂದಿಷ್ಟು ಉಪ್ಪು ಇದ್ದೇ ಇರುತ್ತದೆ. ಇದರಲ್ಲಿ ಸಮುದ್ರದ ಉಪ್ಪೆಷ್ಟು, ಚರಂಡಿಯ ಉಪ್ಪೆಷ್ಟು ಎಂದು ತಿಳಿಯುವುದು ಹೇಗೆ?

ಅದಕ್ಕೆ ಅವರು ಮಾಡಿದ್ದು ಇಷ್ಟು. ಮನೆ, ಹೊಲ, ಕಾರ್ಖಾನೆ ಯಾವುದೂ ಹತ್ತಿರವಿಲ್ಲದ ಕೊಳ ಮತ್ತು ಒರತೆಗಳನ್ನು ಹುಡುಕಿದರು. ಅವುಗಳ ನೀರಿನ ಕ್ಲೋರೈಡ್ ಅಳೆದು ಆ ಅಂಕಿಯನ್ನು ರಾಜ್ಯದ ನಕ್ಷೆಯ ಮೇಲೆ ಆಯಾ ಸ್ಥಳದಲ್ಲಿ ಬರೆದರು. ಬಳಿಕ ಒಂದೇ ಅಂಕಿ ಇರುವ ಸ್ಥಳಗಳನ್ನು ಗೆರೆ ಎಳೆದು ಜೋಡಿಸಿದರು. ಏನಾಶ್ಚರ್ಯ! ಗೆರೆಗಳು ಸಮುದ್ರದ ದಂಡೆಯನ್ನೇ ಅನುಸರಿಸಿ ಸಾಗಿದ್ದವು. ಸಮುದ್ರದ ಹತ್ತಿರ ಅಂಕಿ ಹೆಚ್ಚು, ಒಳನಾಡಿಗೆ ಹೋದಂತೆ ಕಡಿಮೆ.

ಇದಕ್ಕೆ ಸಹಜ ಕ್ಲೋರಿನ್ ನಕ್ಷೆ ಎಂದು ಹೆಸರಾಯಿತು. ಈಗ ಯಾವುದೇ ಊರಿನ ಬಾವಿಯ ನೀರು ತನ್ನಿ. ಕ್ಲೋರೈಡ್ ಅಳೆಯಿರಿ. ಆ ಊರಿಗೆ ನಕ್ಷೆಯಲ್ಲಿರುವ ಸಹಜ ಅಂಕಿಗಿಂತ ಹೆಚ್ಚಿದ್ದರೆ ಅನುಮಾನ ಪಡಿ. ಎಲ್ಲಿಂದಲೋ ಮನುಷ್ಯರ ಕೊಳೆ ಸೇರಿರಬಹುದು! ಕರಾವಳಿಯಲ್ಲಿ ಸಹಜವೆನಿಸುವ ಅಂಕಿಯೇ ಒಳನಾಡಿನಲ್ಲಿ ಎಚ್ಚರಿಕೆಯ ಗಂಟೆಯಾಗುತ್ತದೆ. ಇಲ್ಲಿ ಉಪ್ಪು ಅಪರಾಧಿಯಲ್ಲ, ಸಾಕ್ಷಿ ಮಾತ್ರ. ಡ್ರೌನ್ ಮತ್ತು ಎಲೆನ್ ಇಬ್ಬರ ಶ್ರಮವೂ ಈ ನಕ್ಷೆಯಲ್ಲಿದೆ.

ಸ್ವಚ್ಛ ನೀರು ಹೇಗಿರುತ್ತದೆ ಎಂಬುದಕ್ಕೆ ಮೊದಲ ಬಾರಿಗೆ ಇಡೀ ರಾಜ್ಯಕ್ಕೆ ಒಂದು ಅಳತೆಗೋಲು ಸಿಕ್ಕಿತು.

ಮೇಲಿನ ಊರಿನ ಕೊಳೆ, ಕೆಳಗಿನ ಊರಿನ ಜ್ವರ

ನ್ಯಾಶುವಾ ನದಿ ಮುಂದೆ ಹರಿದು ಮೆರಿಮ್ಯಾಕ್ ಎಂಬ ದೊಡ್ಡ ನದಿಯನ್ನು ಸೇರುತ್ತದೆ. ಮೆರಿಮ್ಯಾಕ್ ದಂಡೆಯಲ್ಲಿ ಲೊವೆಲ್ ಎಂಬ ಗಿರಣಿ ನಗರವಿದೆ. ಅದರಿಂದ ಸುಮಾರು 14 ಕಿಲೋಮೀಟರ್ ಕೆಳಗೆ ಲಾರೆನ್ಸ್ ಎಂಬ ಇನ್ನೊಂದು ಗಿರಣಿ ನಗರ. ಲೊವೆಲ್ ತನ್ನ ಕೊಳೆಯನ್ನು ನದಿಗೆ ಬಿಡುತ್ತಿತ್ತು. ಲಾರೆನ್ಸ್ ಅದೇ ನದಿಯ ನೀರನ್ನು ಕುಡಿಯುತ್ತಿತ್ತು.

1890ರ ಚಳಿಗಾಲದಲ್ಲಿ ಲೊವೆಲ್‌ನಲ್ಲಿ ಟೈಫಾಯಿಡ್ ಹಬ್ಬಿತು. ಕೆಲವೇ ವಾರಗಳಲ್ಲಿ ಲಾರೆನ್ಸ್‌ನಲ್ಲೂ ಕಾಣಿಸಿಕೊಂಡಿತು. ಎಲೆನ್ ಅವರ ಸಹೋದ್ಯೋಗಿ, ಜೀವವಿಜ್ಞಾನಿ ವಿಲಿಯಂ ಸೆಜ್‌ವಿಕ್ ಇದರ ಮೂಲ ಹುಡುಕುತ್ತ ಮನೆಮನೆಗೆ ಹೋದರು. ಲೊವೆಲ್‌ಗಿಂತ ಮೇಲೆ ಒಂದು ಚಿಕ್ಕ ತೊರೆಗೆ ಸೇರಿದ ರೋಗಿಗಳ ಮಲವೇ ಇದಕ್ಕೆ ಕಾರಣವೆಂದು ಪತ್ತೆಯಾಯಿತು. ಒಂದು ಚಿಕ್ಕ ತೊರೆ ಎರಡು ನಗರಗಳನ್ನು ಮಲಗಿಸಿಬಿಟ್ಟಿತ್ತು!

ಲಾರೆನ್ಸ್‌ನಲ್ಲಿ 1887ರಲ್ಲೇ ಆರೋಗ್ಯ ಮಂಡಳಿಯ ಒಂದು ಪ್ರಯೋಗ ಕೇಂದ್ರ ಆರಂಭವಾಗಿತ್ತು. ಅಲ್ಲಿ ಮರಳಿನ ಮೂಲಕ ನೀರನ್ನು ನಿಧಾನವಾಗಿ ಸೋಸುವ ಪ್ರಯೋಗಗಳು ನಡೆದಿದ್ದವು. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆಯನ್ನೂ ರೋಗಾಣುಗಳನ್ನೂ ತಡೆಯುತ್ತವೆ ಎಂದು ಅಲ್ಲಿ ಕಂಡಿತ್ತು. 1893ರಲ್ಲಿ ಇಡೀ ಲಾರೆನ್ಸ್ ನಗರಕ್ಕೆ ಅಂಥದೊಂದು ಮರಳಿನ ಸೋಸುಕ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಟೈಫಾಯಿಡ್ ಸಾವುಗಳು ಗಣನೀಯವಾಗಿ ಇಳಿದವು.

ಎಂ.ಐ.ಟಿ.ಯಲ್ಲಿ 1890ರಲ್ಲಿ ನೈರ್ಮಲ್ಯ ಎಂಜಿನಿಯರಿಂಗ್ ಶಿಕ್ಷಣ ಆರಂಭವಾಯಿತು. ಆ ವಿದ್ಯಾರ್ಥಿಗಳಿಗೆ ನೀರು, ಗಾಳಿ, ಕೊಳೆನೀರುಗಳ ಪರೀಕ್ಷೆ ಕಲಿಸಿದವರು ಎಲೆನ್. ಅವರಿಂದ ಕಲಿತವರು ದೇಶದ ಬೇರೆ ಬೇರೆ ನಗರಗಳ ನೀರು ಸರಬರಾಜು ಕೇಂದ್ರಗಳಿಗೆ ಹೋದರು. ಒಂದು ಕಾಲದಲ್ಲಿ ಲೆಕ್ಕಕ್ಕೇ ಸಿಗದಿದ್ದ ವಿದ್ಯಾರ್ಥಿನಿ ಈಗ ಎಷ್ಟೋ ಎಂಜಿನಿಯರುಗಳಿಗೆ ಗುರುವಾಗಿದ್ದರು.

ಮನೆಯಿಂದ ನದಿಯವರೆಗೆ

ಎಲೆನ್ ನೀರೊಂದನ್ನೇ ನೋಡಿದವರಲ್ಲ. ಅಂಗಡಿಯ ಆಹಾರ ಪದಾರ್ಥಗಳ ಕಲಬೆರಕೆ ಪತ್ತೆ ಮಾಡಿದರು. ತಮ್ಮ ಮನೆಯಲ್ಲೇ ಗಾಳಿ ಚೆನ್ನಾಗಿ ಆಡುವ ವ್ಯವಸ್ಥೆ ಮಾಡಿ ನೋಡಿದರು. 1894ರಿಂದ ಬಾಸ್ಟನ್‌ನ ಪ್ರೌಢಶಾಲೆಗಳಿಗೆ ಪೌಷ್ಟಿಕ ಊಟ ಒದಗಿಸಿದ ಅಡುಗೆಮನೆಯ ಹಿಂದೆಯೂ ಅವರಿದ್ದರು. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಮಾಡುವ ನಿಮಗೆ ಇದು ಖುಷಿಯ ಸುದ್ದಿಯಲ್ಲವೇ?

ನಾವು ಉಸಿರಾಡುವ ಗಾಳಿ, ಕುಡಿಯುವ ನೀರು, ತಿನ್ನುವ ಅನ್ನ, ವಾಸಿಸುವ ಮನೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಅವರು ತಿಳಿದಿದ್ದರು. ಇದನ್ನು ಕಲಿಸುವ ವಿಜ್ಞಾನವೊಂದು ಬೇಕು ಎಂದು 1892ರಲ್ಲಿ ಬಾಸ್ಟನ್‌ನ ಸಭೆಯೊಂದರಲ್ಲಿ ಹೇಳಿದರು. ಜರ್ಮನಿಯ ವಿಜ್ಞಾನಿ ಹೆಕೆಲ್ 1866ರಲ್ಲಿ ಬಳಸಿದ್ದ ಇಕಾಲಜಿ ಎಂಬ ಪದವನ್ನೇ ಅದಕ್ಕೆ ಆರಿಸಿಕೊಂಡರು. ಮುಂದೆ ಆ ಹೆಸರು ಗಿಡ, ಪ್ರಾಣಿಗಳ ಸಂಬಂಧ ಅಧ್ಯಯನ ಮಾಡುವವರ ಪಾಲಾಯಿತು. ನಾವು ಕನ್ನಡದಲ್ಲಿ ಅದನ್ನು ಪರಿಸರ ವಿಜ್ಞಾನ ಎನ್ನುತ್ತೇವೆ. ಎಲೆನ್ ಅವರು ಬೆಳೆಸಿದ ವಿಷಯ ಗೃಹವಿಜ್ಞಾನ ಎಂಬ ಹೆಸರಿನಲ್ಲಿ ಶಾಲಾ ಕಾಲೇಜುಗಳನ್ನು ಸೇರಿತು.

1910ರಲ್ಲಿ ಸ್ಮಿತ್ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1911ರ ಮಾರ್ಚ್ 30ರಂದು, 68ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಅವರು ಬೋಧಕಿಯಾಗಿಯೇ ಉಳಿದರು. ಪ್ರಾಧ್ಯಾಪಕ ಹುದ್ದೆ ಅವರಿಗೆ ಸಿಗಲೇ ಇಲ್ಲ.

ನ್ಯಾಶುವಾ ನದಿ ಏನಾಯಿತು?

ಮಕ್ಕಳೇ, ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ಸೋಸುಕಗಳಿಂದ ಕುಡಿಯುವ ನೀರು ಶುದ್ಧವಾಯಿತು, ನಿಜ. ಆದರೆ ನದಿ ಶುದ್ಧವಾಗಲಿಲ್ಲ. ಊರುಗಳೂ ಕಾರ್ಖಾನೆಗಳೂ ಕೊಳೆ ಸುರಿಯುವುದನ್ನು ನಿಲ್ಲಿಸಲಿಲ್ಲ. 1960ರ ದಶಕಕ್ಕೆ ಎಲೆನ್ ಅವರ ಊರಿನ ನ್ಯಾಶುವಾ ನದಿ ಕಾಗದದ ಕಾರ್ಖಾನೆಗಳ ಬಣ್ಣದಿಂದ ಒಂದು ದಿನ ಕೆಂಪು, ಇನ್ನೊಂದು ದಿನ ಹಸಿರಾಗಿ ಹರಿಯುತ್ತಿತ್ತು. ದುರ್ವಾಸನೆ ದೂರದವರೆಗೆ ಹೊಡೆಯುತ್ತಿತ್ತು.

ಆಗ ಆ ನದಿಯ ಹತ್ತಿರ ವಾಸವಿದ್ದ ಮೇರಿಯನ್ ಸ್ಟಾಡಾರ್ಟ್ ಎಂಬ ಮಹಿಳೆ ಜನರನ್ನು ಒಟ್ಟುಗೂಡಿಸಿದರು. ನದಿಯ ಕೊಳಕು ನೀರನ್ನು ಸೀಸೆಯಲ್ಲಿ ತುಂಬಿ ಅಧಿಕಾರದಲ್ಲಿದ್ದವರಿಗೆ ಕೊಟ್ಟರು. ಮತ್ತೆ ಸೀಸೆ! 1972ರಲ್ಲಿ ಅಮೆರಿಕದಲ್ಲಿ ಶುದ್ಧ ನೀರಿನ ಕಾನೂನು ಬಂತು. ಕೊಳೆನೀರನ್ನು ಶುದ್ಧಗೊಳಿಸುವ ಘಟಕಗಳು ಎದ್ದವು. ದಂಡೆಯ ಉದ್ದಕ್ಕೂ ಗಿಡಮರಗಳಿಗೆ ಜಾಗ ಬಿಟ್ಟರು. ಮೀನು, ಹಕ್ಕಿಗಳು ಮರಳಿ ಬಂದವು. 2019ರಲ್ಲಿ ಆ ನದಿಯ ಒಂದು ಭಾಗ ದೇಶದ ಸಂರಕ್ಷಿತ ಸುಂದರ ನದಿಗಳ ಪಟ್ಟಿಗೆ ಸೇರಿತು.

ಸತ್ತಂತಿದ್ದ ನದಿಯೂ ಬದುಕಬಲ್ಲದು ಎಂದಾಯಿತು. ಆದರೆ ನದಿ ವಾಸಿಯಾಗುತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದರೆ ಅಳೆಯಲೇಬೇಕು. ಸಹಜ ನೀರಿನ ಜೊತೆ ಹೋಲಿಸಲೇಬೇಕು. ಎಲೆನ್ ಹಾಕಿಕೊಟ್ಟ ದಾರಿ ಅದು. ನೀರಿನ ಪರೀಕ್ಷಾಲಯಗಳಲ್ಲಿ ಇಂದಿಗೂ ಕ್ಲೋರೈಡ್ ಅಳೆಯುತ್ತಾರೆ.

ನೀವೂ ಮಾಡಿ ನೋಡಿ

1. ಎರಡು ಲೋಟಗಳಲ್ಲಿ ಒಂದೇ ನೀರು ತೆಗೆದುಕೊಳ್ಳಿ. ಒಂದಕ್ಕೆ ಎರಡು ಚಿಟಿಕೆ ಉಪ್ಪು ಹಾಕಿ ಕರಗಿಸಿ. ಎರಡೂ ಒಂದೇ ಥರ ಕಾಣುತ್ತವೆ. ಈಗ ಶುಭ್ರವಾದ ಸ್ಲೇಟಿನ ಮೇಲೆ ಎರಡು ಕಡೆ ಒಂದೊಂದರಿಂದ ನಾಲ್ಕು ಹನಿ ಹಾಕಿ ಬಿಸಿಲಿನಲ್ಲಿ ಒಣಗಿಸಿ. ಎಲ್ಲಿ ಬಿಳಿಯ ಗುರುತು ಹೆಚ್ಚು ಉಳಿಯಿತು? ಏಕೆ?

2. ನಿಮ್ಮ ಊರಿನ ಕೆರೆ ಅಥವಾ ಹಳ್ಳದ ನೀರನ್ನು ಶಿಕ್ಷಕರ ಜೊತೆ ಹೋಗಿ ಗಾಜಿನ ಸೀಸೆಯಲ್ಲಿ ತನ್ನಿ. ಹಿಂದೆ ಬಿಳಿ ಹಾಳೆ ಹಿಡಿದು ಬಣ್ಣ ನೋಡಿ. ತಿಂಗಳಿಗೊಮ್ಮೆ ಅದೇ ಜಾಗದಿಂದ ನೀರು ತಂದು ನೋಡಿ, ದಿನಾಂಕ ಹಾಕಿ ಬರೆದಿಡಿ. ಮಳೆಗಾಲಕ್ಕೂ ಬೇಸಿಗೆಗೂ ವ್ಯತ್ಯಾಸವೇನು? ಆ ನೀರನ್ನು ಕುಡಿಯಬೇಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಒಂದು ವರ್ಷ ಬಿಡದೆ ಬರೆದರೆ ನಿಮ್ಮ ಶಾಲೆಯಲ್ಲಿ ನಿಮ್ಮೂರ ನೀರಿನ ಒಂದು ದಾಖಲೆ ಇರುತ್ತದೆ. ಮುಂದಿನ ವರ್ಷ ಐದು, ಆರನೇ ತರಗತಿಗೆ ಬರುವ ತಮ್ಮ ತಂಗಿಯರು ಅದನ್ನು ಮುಂದುವರಿಸಲಿ.